ಆರು ಪಾಟಿಗಳ ಕಂಪ್ಯೂಟರ್

ಇವತ್ತು ಬೆಳಿಗ್ಗೆ ಸಿದ್ದಾಪುರದ ಬಸ್ಸಿನ ಕಂಡಕ್ಟರ್ ಶಿರಸಿ ಸ್ಟ್ಯಾಂಡಿನಲ್ಲಿ ನನ್ನ ಕೈಗೊಂದು ಗೋಣಿಚೀಲದ ಕಟ್ಟು ಕೊಟ್ಟು, "ಜೋಪಾನ ಮೇಡಂ, ಒಡೆಯೋ ಸಾಮಾನಂತೆ" ಎಂದ. ಆಫೀಸಿಗೆ ತಂದು ಬಿಚ್ಚಿದರೆ ಒಳಗೆ ಆರು ಪಾಟಿಗಳು. ಒಂದನೇ ಇಯತ್ತೆಯ ಮಕ್ಕಳು ಅಕ್ಷರ ತಿದ್ದುತ್ತಾರಲ್ಲ, ಅದೇ ಮರದ ಚೌಕಟ್ಟಿನ ಕಪ್ಪು ಪಾಟಿ. ಜೊತೆಗೆ ಟೈಪ್ ಮಾಡಿದ ಒಂದು ಚೀಟಿ: "ಇನ್ವರ್ಟರ್ ಬಂತು. ಇವಕ್ಕೆ ಇನ್ನು ಇಲ್ಲಿ ಕೆಲಸವಿಲ್ಲ. ನಿನ್ನ ಹತ್ತಿರ ಇರಲಿ. ಪ್ರಭಾ."

ಒದ್ದೆ ಬಟ್ಟೆಯಲ್ಲಿ ಒಂದನ್ನು ಒರೆಸಿದ್ದೇ ತಡ, ಬಳಪದ ಪುಡಿಯೂ ಹಸಿ ಕಲ್ಲೂ ಬೆರೆತ ಆ ವಾಸನೆ ಮೇಲೆದ್ದಿತು. ಆ ವಾಸನೆಗೆ ನಿಮಗೆ ಕನ್ನಡ ಶಾಲೆ ನೆನಪಾದೀತು. ನನಗೆ ನೆನಪಾಗುವುದು ಕಂಪ್ಯೂಟರ್. ನಗಬೇಡಿ, ವಿವರಿಸುತ್ತೇನೆ. ವಿವರಿಸುವುದು ನನಗೆ ಹಳೆಯ ಚಾಳಿ.

ಕಾಲೇಜಿನ ಮೂರೂ ವರ್ಷ ಚರ್ಚಾಸ್ಪರ್ಧೆಯ ಫಲಕವನ್ನು ಬೇರೆಯವರ ಮನೆಗೆ ಹೋಗಗೊಡದವಳು ನಾನು. ವಿಷಯದ ಪರ ಬೇಕೋ ವಿರೋಧ ಬೇಕೋ, ಐದು ನಿಮಿಷ ಮೊದಲು ಹೇಳಿದರೆ ಸಾಕಿತ್ತು. 'ಕಂಪ್ಯೂಟರ್ ಉದ್ಯೋಗ ಕಸಿಯುತ್ತದೆ' ಎಂದು ಶಿರಸಿಯಲ್ಲಿ ಗುಡುಗಿ ಮೊದಲ ಬಹುಮಾನ ತಂದೆ. ಮರು ತಿಂಗಳು ಯಲ್ಲಾಪುರದಲ್ಲಿ 'ಕಂಪ್ಯೂಟರ್ ಉದ್ಯೋಗ ಕೊಡುತ್ತದೆ' ಎಂದು ಅಷ್ಟೇ ಗುಡುಗಿ ಅಲ್ಲಿಯೂ ಮೊದಲ ಬಹುಮಾನ ತಂದೆ. ಎರಡೂ ಸಲ ನನ್ನ ಮಾತನ್ನು ನಾನು ಪೂರ್ತಿ ನಂಬಿದ್ದೆ. ಆತ್ಮಸಾಕ್ಷಿಗೇನೂ ತೊಂದರೆಯಾಗಲಿಲ್ಲ.

ಎರಡನೆಯ ಗುಡುಗಿನ ಸುದ್ದಿ ಕೇಳಿ ನನ್ನನ್ನು ಪೇಟೆಯಲ್ಲಿ ತಡೆದು ನಿಲ್ಲಿಸಿದ್ದು ಪ್ರಭಕ್ಕ. ಸಿದ್ದಾಪುರದಲ್ಲಿ ಒಂದು ಅಂಗಡಿಯ ಮಹಡಿಯ ಮೇಲೆ ಇಪ್ಪತ್ತು ವರ್ಷದಿಂದ ಟೈಪಿಂಗ್ ಕ್ಲಾಸು ನಡೆಸುತ್ತಿದ್ದವಳು.

"ಕಂಪ್ಯೂಟರ್ ಬಗ್ಗೆ ಅಷ್ಟೆಲ್ಲ ಮಾತಾಡಿದ್ಯಡ. ಒಂದ್ಸಲನಾದ್ರೂ ಮುಟ್ಟಿದ್ಯನೇ?"

"ಇಲ್ಲೆ" ಎಂದೆ.

"ಹಂಗಾರೆ ನಾಳೆಯಿಂದ ಬಾ."

ಅಷ್ಟು ಚಿಕ್ಕ ವಾದಕ್ಕೆ ನಾನು ಸೋತದ್ದು ಅದೇ ಮೊದಲು.

ಒಂಬತ್ತು ಟೈಪ್‌ರೈಟರುಗಳ ನಡುವೆ ಪ್ರಭಕ್ಕ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದಿಟ್ಟಿದ್ದಳು. ಅದಕ್ಕೆ ಮಖಮಲ್ಲಿನ ಹೊದಿಕೆ. ಮುಟ್ಟುವ ಮೊದಲು ಚಪ್ಪಲಿ ಮೆಟ್ಟಿಲ ಕೆಳಗೆ ಬಿಟ್ಟು, ಕೈ ತೊಳೆದು ಬರಬೇಕು. ಇಷ್ಟೆಲ್ಲ ಮಡಿ ಮಾಡಿ ಒಳಗೆ ಬಂದರೆ ಕರೆಂಟಿಲ್ಲ. ನಮ್ಮ ಬ್ಯಾಚು ಎರಡರಿಂದ ನಾಲ್ಕು, ಕರೆಂಟು ತೆಗೆಯುತ್ತಿದ್ದುದೂ ಎರಡರಿಂದ ನಾಲ್ಕು. ಹಾಗಂತ ಕ್ಲಾಸು ಬಿಡುವ ಪೈಕಿಯಲ್ಲ ಪ್ರಭಕ್ಕ. ಆರು ಪಾಟಿ ತಂದಳು. ಪ್ರೋಗ್ರಾಮಿನಲ್ಲಿ ಲೆಕ್ಕ ಹಿಡಿದಿಡುವ ಪೆಟ್ಟಿಗೆಗಳಿರುತ್ತವಲ್ಲ, ಒಬ್ಬೊಬ್ಬರೂ ಒಂದೊಂದು ಪೆಟ್ಟಿಗೆಯಾಗಬೇಕು. ಅವಳು ಪ್ರೋಗ್ರಾಮನ್ನು ಸಾಲು ಸಾಲಾಗಿ ಓದುತ್ತಾಳೆ, ನಮ್ಮ ಹೆಸರು ಬಂದಾಗ ನಾವು ಪಾಟಿಯ ಮೇಲಿನ ಸಂಖ್ಯೆ ಒರೆಸಿ ಹೊಸದು ಬರೆಯಬೇಕು. ಆರು ಜನ ಸೇರಿ ಒಂದು ಕಂಪ್ಯೂಟರ್!

ನನಗೆ ಇದು ಶುದ್ಧ ಮೋಸ ಅನ್ನಿಸಿತು. ಅನ್ನಿಸಿದ್ದನ್ನು ಹೇಳದೆ ಇರುವುದು ಗೊತ್ತೇ ಇರಲಿಲ್ಲ. "ಈಜು ಕಲಿಸ್ತೇನೆ ಅಂತ ಚಾಪೆ ಮೇಲೆ ಕೈಕಾಲು ಬಡಿಸಿದ ಹಾಗಾಯ್ತು" ಎಂದು ಶುರುಮಾಡಿ ಮೂರು ಅಂಶ ಮಂಡಿಸಿದೆ. ಪ್ರಭಕ್ಕ ಪೂರ್ತಿ ಕೇಳಿಸಿಕೊಂಡು, "ಆತಾ? ಈಗ ಪಾಟಿ ಹಿಡಿ" ಎಂದಳು.

ಹಿಡಿದೆ. ಹಿಡಿದವಳು ಸುಮ್ಮನಿದ್ದೆನೇ? ಒಂದು ದಿನ ಅವಳು ಓದಿದ ಪ್ರೋಗ್ರಾಮಿನಲ್ಲಿ ಕೂಡಿಸುವ ಒಂದು ಸಾಲು ಬಿಟ್ಟುಹೋಗಿತ್ತು. ನಾನು ಜಾಣತನದಿಂದ ನಾನೇ ಕೂಡಿಸಿ ಸರಿಯುತ್ತರ ಬರೆದು ತೋರಿಸಿದೆ.

"ಕೂಡ್ಸು ಹೇಳಿ ಬರದಿದ್ದಾ?"

"ಬರದ್ದಿಲ್ಲೆ. ಆದ್ರೆ ಅರ್ಥ ಹಂಗೇ ಅಲ್ದಾ?"

"ಯಂತ್ರಕ್ಕೆ ಅರ್ಥ ಗೊತ್ತಿಲ್ಲೆ ತಂಗೀ. ಬರದಷ್ಟೇ ಮಾಡು. ನಿನ್ನ ಬುದ್ಧಿ ಸೇರ್ಸಡ."

ಜೀವಮಾನವಿಡೀ ಬುದ್ಧಿ ಸೇರಿಸಿದ್ದಕ್ಕೇ ಬಹುಮಾನ ಪಡೆದವಳಿಗೆ ಇದೆಂಥ ಅವಮಾನ, ಯೋಚಿಸಿ. ಬೇಡ ಅಂದದ್ದನ್ನು ಮಾಡದೇ ಇರಲು ನನಗೆ ನಾಲ್ಕು ತಿಂಗಳು ಹಿಡಿಯಿತು.

ಅಷ್ಟರಲ್ಲಿ ಶಿರಸಿಯಲ್ಲಿ ಎ.ಸಿ. ಹಾಕಿದ, ಎಂಟು ಕಂಪ್ಯೂಟರುಗಳ ಹೊಸ ಸೆಂಟರ್ ತೆರೆಯಿತು. ಬಂಗಾರದ ಬಣ್ಣದ ಮುದ್ರೆಯಿರುವ ಸರ್ಟಿಫಿಕೇಟು ಬೇರೆ. ನಮ್ಮ ಆರು ಜನರಲ್ಲಿ ನಾಲ್ವರು ಅಲ್ಲಿಗೆ ಹಾರಿದರು. ಪ್ರಭಕ್ಕನಲ್ಲಿ ಕಲಿತ ಒಬ್ಬರಿಗೂ ಅಲ್ಲಿಯತನಕ ಕಂಪ್ಯೂಟರ್ ಕೆಲಸ ಸಿಕ್ಕಿರಲಿಲ್ಲ ಎಂಬುದೂ ನಿಜವೇ. ಯಲ್ಲಾಪುರದಲ್ಲಿ ಹೊಸ ಆಫೀಸು ತೆರೆಯುತ್ತಿದ್ದ ಹುಬ್ಬಳ್ಳಿಯ ಸಣ್ಣ ಕಂಪನಿಯೊಂದು, ಲಾರಿ ಬುಕಿಂಗಿಗೆ ಸಾಫ್ಟ್‌ವೇರ್ ಬರೆಯಲು ಒಬ್ಬರು ಬೇಕೆಂದು ಕರೆದಾಗ ಪ್ರಭಕ್ಕನೇ ನನ್ನ ಅರ್ಜಿ ಟೈಪ್ ಮಾಡಿದಳು. ಕಾಗದ ಹೊರಗೆಳೆಯುತ್ತ, ಮುಖ ನೋಡದೆ ಹೇಳಿದಳು: "ನಿಂಗೆ ಸಿಕ್ಕಿದ್ರೆ ಕ್ಲಾಸಿನ ಬೋರ್ಡಿಗೆ ನಾನೇ ಹೊಸ ಬಣ್ಣ ಹೊಡಸ್ತಿ. ಇಲ್ದೇ ಹೋದ್ರೆ ಕಂಪ್ಯೂಟರ್ ಮಾರಿಬಿಡ್ತಿ, ಟೈಪಿಂಗ್ ಒಂದೇ ಸಾಕು."

ಸಂದರ್ಶನಕ್ಕೆ ಹೋಗುವಾಗ ಬಸ್ಸಿನ ದಾರಿಯುದ್ದಕ್ಕೂ ನನ್ನ ತಲೆಯಲ್ಲಿದ್ದದ್ದು ಆ ಬೋರ್ಡು.

ಯಲ್ಲಾಪುರದ ಹೆದ್ದಾರಿಯ ಪಕ್ಕದ ಮಹಡಿ. ಬೆಳಿಗ್ಗೆ ಹತ್ತಕ್ಕೇ ಕರೆಂಟು ಹೋಗಿ, ಯು.ಪಿ.ಎಸ್. ಸ್ವಲ್ಪ ಹೊತ್ತು ಕಿರುಚಿ ಸುಮ್ಮನಾಗಿತ್ತು. ಆರು ಜನ ಅಭ್ಯರ್ಥಿಗಳು ಫೈಲಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಿದ್ದೆವು. ಉಳಿದ ಐವರ ಫೈಲಿನಲ್ಲೂ ಬಂಗಾರದ ಮುದ್ರೆ. ಲಿಖಿತ ಪರೀಕ್ಷೆಯಲ್ಲಿ ಒಂದೇ ಪ್ರೋಗ್ರಾಮು, ಅದು ಏನು ಉತ್ತರ ಕೊಡುತ್ತದೆ ಹೇಳಬೇಕು. ಐದು ಲಾರಿಗಳಲ್ಲಿ ಅತಿ ಕಡಿಮೆ ಭಾರವಿರುವುದನ್ನು ಹುಡುಕುವ ಪ್ರೋಗ್ರಾಮದು. ಬರೆದು ಕೊಟ್ಟ ಮೇಲೆ ಮೊದಲ ಕರೆ ನನಗೆ.

"ಬರ್ರಿ, ಕುಂದ್ರಿ" ಎಂದರು ಮಾಲೀಕರು. ದಪ್ಪ ಮೀಸೆ, ಬೆವರಿದ ಹಣೆ. "ಕಂಪ್ಯೂಟರ್ ಮ್ಯಾಲೆ ಎಷ್ಟು ತಾಸು ಕೆಲಸ ಮಾಡೀರಿ?"

"ಕರೆಂಟ್ ಇದ್ದಾಗ ಎಷ್ಟು, ಇಲ್ಲದಾಗ ಎಷ್ಟು, ಬೇರೆ ಬೇರೆ ಹೇಳಲಾ ಸರ್?"

ಮೀಸೆ ಸ್ವಲ್ಪ ಅಲುಗಿತು. ಪಕ್ಕದಲ್ಲಿ ಪ್ರಶ್ನೆಪತ್ರಿಕೆ ತಯಾರಿಸಿದ ಕನ್ನಡಕದ ಎಂಜಿನಿಯರ್ ಕೂತಿದ್ದರು, ಅವರು ಮಾತ್ರ ನಗಲಿಲ್ಲ. "ಒಂಬತ್ತು, ಆರು, ನಾಲ್ಕು, ಏಳು, ಎಂಟು ಟನ್. ಕಡಿಮೆ ಯಾವುದು? ನಾಲ್ಕು. ಎಲ್ಲರೂ ನಾಲ್ಕು ಅಂತ ಬರೆದಿದ್ದಾರೆ. ನೀವೊಬ್ಬರೇ ಸೊನ್ನೆ ಬರೆದಿದ್ದೀರಿ. ಸೊನ್ನೆ ಟನ್ ಲಾರಿ ಎಲ್ಲಿದೆ ಇಲ್ಲಿ?"

ನಾನು ಎದ್ದು ನಿಂತು, "ಮಾನ್ಯ ನಿರ್ಣಾಯಕರೇ" ಎಂದುಬಿಟ್ಟೆ. ನಾಲಿಗೆಯ ಅಭ್ಯಾಸ. ಮಾಲೀಕರು ಈ ಸಲ ಗಟ್ಟಿಯಾಗಿಯೇ ನಕ್ಕರು. ಎಂಜಿನಿಯರ್ ಕೆಂಪಾದರು. ನಾನು ವಾದಿಸಿದೆ, ಅವರು ವಾದಿಸಿದರು. ನನ್ನ ದನಿ ಏರಿದಷ್ಟೂ ಅವರ ಮುಖ ಬಿಗಿಯಾಯಿತು. ಫಲಕ ಗೆಲ್ಲುವ ಎಲ್ಲ ಲಕ್ಷಣವೂ ಇತ್ತು, ಕೆಲಸ ಕಳೆದುಕೊಳ್ಳುವ ಎಲ್ಲ ಲಕ್ಷಣವೂ. ಸಿದ್ದಾಪುರದ ಬೋರ್ಡು ಕಣ್ಣೆದುರು ಬಂದು ತಟ್ಟನೆ ನಿಲ್ಲಿಸಿದೆ.

"ಸರ್, ನಾನು ಮಾತಾಡುವುದಿಲ್ಲ. ಆರು ಹಾಳೆ ಕೊಡಿ. ಹೊರಗಿರುವ ಐವರನ್ನೂ ಕರೆಸಿ."

ಐವರು ಬಂದು ಸಾಲಾಗಿ ಲಾರಿಗಳಾಗಿ ನಿಂತರು, ಎದೆಯ ಮೇಲೆ ಒಂಬತ್ತು, ಆರು, ನಾಲ್ಕು, ಏಳು, ಎಂಟು. ಆರನೆಯ ಹಾಳೆಯನ್ನು ಮಾಲೀಕರಿಗೇ ಕೊಟ್ಟೆ. "ನೀವು 'ಕಡಿಮೆ' ಎಂಬ ಪೆಟ್ಟಿಗೆ ಸರ್. ಪ್ರೋಗ್ರಾಮಿನ ಮೊದಲ ಸಾಲಿನಲ್ಲಿ ನಿಮ್ಮೊಳಗೆ ಸೊನ್ನೆ ಇಡಲು ಬರೆದಿದೆ. ಯಾವುದಾದರೂ ಲಾರಿಯ ಭಾರ ನಿಮ್ಮ ಕೈಯಲ್ಲಿರುವುದಕ್ಕಿಂತ ಕಡಿಮೆಯಿದ್ದರೆ ಮಾತ್ರ ನಿಮ್ಮದನ್ನು ಅಳಿಸಿ ಅದನ್ನು ಬರೆದುಕೊಳ್ಳಿ. ಬರೆದಷ್ಟೇ ಮಾಡಿ. ದಯವಿಟ್ಟು ಬುದ್ಧಿ ಸೇರಿಸಬೇಡಿ."

ಈ ಕೊನೆಯ ಮಾತು ಒಬ್ಬ ಮಾಲೀಕರಿಗೆ ಹೇಳುವಂಥದ್ದಲ್ಲ, ಗೊತ್ತಾಯಿತು. ಹೇಳಿ ಆಗಿತ್ತು.

ಎಂಜಿನಿಯರ್ ಸಾಲು ಸಾಲಾಗಿ ಓದಿದರು. ಒಂಬತ್ತು ಬಂತು. "ಒಂಬತ್ತು ಸೊನ್ನೆಗಿಂತ ಕಡಿಮೆ ಅಲ್ಲ, ಹೋಗು" ಎಂದರು ಮಾಲೀಕರು. ಆರು ಹೋಯಿತು. ನಾಲ್ಕು ಬಂದು ನಿಂತಾಗ ಅವರು ಪೆನ್ನು ಎತ್ತಿಯೇಬಿಟ್ಟರು. ಕೋಣೆಯಲ್ಲಿ ಎಲ್ಲರಿಗೂ ಬೇಕಾಗಿದ್ದದ್ದು ಆ ನಾಲ್ಕೇ. ಆಮೇಲೆ ತಮ್ಮ ಹಾಳೆ ನೋಡಿಕೊಂಡು, ಪೆನ್ನು ಇಳಿಸಿ, ನಿಧಾನ ಹೇಳಿದರು: "ಇಲ್ಲಪಾ. ನೀನೂ ಹೋಗು." ಏಳೂ ಎಂಟೂ ಹೋದವು. ಕೆಳಗೆ ಹೆದ್ದಾರಿಯಲ್ಲಿ ನಿಜವಾದ ಲಾರಿಯೊಂದು ಹಾರ್ನ್ ಹೊಡೆಯಿತು.

"ಏನ್ರಿ ಇದು, ನನ್ನ ಕೈಯಾಗ ಸೊನ್ನೀನೇ ಉಳೀತಲ್ರಿ!" ಎಂದು ಮಾಲೀಕರು ಹಾಳೆಯನ್ನು ಎಂಜಿನಿಯರ್ ಕಡೆ ತಿರುಗಿಸಿ ಹಿಡಿದರು. ಐದು ಲಾರಿಗಳೂ ಹೊಟ್ಟೆ ಹಿಡಿದು ನಕ್ಕವು. ಎಂಜಿನಿಯರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. "ಸೊನ್ನೆಯ ಬದಲು ಮೊದಲ ಲಾರಿಯ ಭಾರವನ್ನೇ ಇಡಬೇಕಿತ್ತು" ಎಂದು ತಾವೇ ಹೇಳಿದರು. ಹಾಗೆ ಹೇಳುವುದಕ್ಕೆ ಎಷ್ಟು ದೊಡ್ಡ ಮನಸ್ಸು ಬೇಕೆಂದು ಆಗ ನನಗೆ ಗೊತ್ತಿರಲಿಲ್ಲ. ಗೆದ್ದ ಅಮಲಿನಲ್ಲಿದ್ದೆ.

"ಯಾರ್ರಿ ಕಲಿಸಿದ್ದು ನಿಮಗ ಇದನ್ನ?" ಮಾಲೀಕರು ಕೇಳಿದರು. ಹೇಳಿದೆ. ಸೋಮವಾರದಿಂದ ಬರಲು ಹೇಳಿದರು.

ಸಿದ್ದಾಪುರದಲ್ಲಿ ಬಸ್ಸಿಳಿದು ಮೆಟ್ಟಿಲನ್ನು ಚಪ್ಪಲಿ ಸಮೇತ ಹತ್ತಿದೆ. "ಪ್ರಭಕ್ಕ, ಸೊನ್ನೆ ಬಂತು!" ಎಂದು ಕೂಗಿದೆ. ಒಂಬತ್ತು ಟೈಪ್‌ರೈಟರುಗಳೂ ಒಮ್ಮೆಲೇ ನಿಂತವು. ಕತೆ ಪೂರ್ತಿ ಕೇಳಿದ ಪ್ರಭಕ್ಕ ಹೇಳಿದ್ದಿಷ್ಟು: "ಮೊದ್ಲು ಚಪ್ಪಲಿ ಕೆಳಗೆ ಬಿಟ್ಟಿಕ್ಕೆ ಬಾ." ಮರುವಾರ ಬೋರ್ಡಿಗೆ ನೀಲಿ ಬಣ್ಣ ಬಂತು.

ಆಮೇಲಿನದು ಏಣಿಯ ಕತೆ, ಚಿಕ್ಕದಾಗಿ ಹೇಳುತ್ತೇನೆ. ಪ್ರತಿ ಪ್ರೋಗ್ರಾಮಿನ ಜೊತೆಯೂ ಜಗಳ ತೆಗೆಯುವವಳು ಎಂಬ ನನ್ನ ಕೆಟ್ಟ ಹೆಸರೇ ನನಗೆ ಬಡ್ತಿ ಕೊಡಿಸಿತು. ಈಕೆ ಒಪ್ಪದ ಪ್ರೋಗ್ರಾಮು ಗಿರಾಕಿಗೆ ಹೋಗಬಾರದು ಎಂದು ಮಾಲೀಕರು ಕಾಗದದಲ್ಲೇ ಬರೆದು ಕೊಟ್ಟರು. ಅದನ್ನು ಟೈಪ್ ಮಾಡಿಸಿ ಗೋಡೆಗೆ ಅಂಟಿಸಿಕೊಂಡದ್ದು ನನ್ನ ಸೊಕ್ಕು. ಈಗ ಕಂಪನಿಯ ಶಿರಸಿ ಆಫೀಸಿಗೆ ನನ್ನದೇ ಉಸ್ತುವಾರಿ, ಪ್ರಶ್ನೆಪತ್ರಿಕೆ ತಯಾರಿಸುವವಳೂ ನಾನೇ.

ಇವತ್ತು ಹನ್ನೊಂದಕ್ಕೆ ಸಂದರ್ಶನವಿತ್ತು. ಯಲ್ಲಾಪುರದಿಂದ ಬಂದ ಒಬ್ಬ ಹುಡುಗಿ, ದನಿ ಎಷ್ಟು ಸಣ್ಣದೆಂದರೆ ಫ್ಯಾನು ಆರಿಸಬೇಕಾಯಿತು. ಅವಳು ಬರೆದ ಉತ್ತರ ತಪ್ಪು ಎಂದು ನಾನು ಹೇಳಿದ್ದೆ. "ಮೇಡಂ, ಬೇಜಾರು ಮಾಡ್ಕಬೇಡಿ. ನಿಮ್ಮ ಉತ್ತರಾನೇ ತಪ್ಪಿದೆ ಅನ್ಸ್ತು."

ಬಾಯಿಯಲ್ಲಿ ಮೂರು ಪ್ರತಿವಾದಗಳು ಸಾಲಾಗಿ ಬಂದು ನಿಂತವು, ಮೂರೂ ಬಹುಮಾನಕ್ಕೆ ಯೋಗ್ಯ. ಬೆಳಿಗ್ಗೆ ಬಿಚ್ಚಿಟ್ಟ ಆರು ಪಾಟಿಗಳು ಇನ್ನೂ ಮೇಜಿನ ಮೇಲೇ ಇದ್ದವು. ಅವಳ ಕಡೆ ಸರಿಸಿ, ಆಫೀಸಿನವರನ್ನೆಲ್ಲ ಒಳಗೆ ಕರೆದು, "ಇದರಲ್ಲಿ ನಾನು ಯಾವ ಪೆಟ್ಟಿಗೆ ಹೇಳು" ಎಂದೆ.

ಅವಳು ಓದಿದಳು. ನಾನು ಬರೆದಷ್ಟೇ ಮಾಡಿದೆ, ಬುದ್ಧಿ ಸೇರಿಸಲಿಲ್ಲ. ಐದನೇ ಸಾಲಿಗೆ ನನ್ನ ಪಾಟಿಯ ಮೇಲೆ ಹನ್ನೆರಡು ಬಂದು ಕೂತಿತು. ಅವಳು ಬರೆದದ್ದೂ ಅದೇ; ಸರಿಯುತ್ತರವೆಂದು ನಾನು ಬರೆದಿಟ್ಟುಕೊಂಡಿದ್ದದ್ದು ಹನ್ನೊಂದು. ಹುಡುಗರು ನಗಲೋ ಬೇಡವೋ ಎಂದು ನನ್ನ ಮುಖ ನೋಡಿದರು. ಮೊದಲು ನಕ್ಕವಳು ನಾನು.

ಐದು ಪಾಟಿ ಒರೆಸಿ ಒಳಗಿಟ್ಟಿದ್ದೇನೆ. ಆರನೆಯದು ಮೇಜಿನ ಮೇಲೆ ಹನ್ನೆರಡನ್ನು ಹೊತ್ತುಕೊಂಡು ನಿಂತಿದೆ. ಸೋಮವಾರ ಆ ಹುಡುಗಿ ಕೆಲಸಕ್ಕೆ ಬರುತ್ತಾಳೆ, ಅವಳೇ ಒರೆಸಲಿ.