ಒಂದೇ ಫೋನಿಗೆ ನಾಲ್ಕು ಕೈ

ಆ ಭಾನುವಾರ ಹೊನ್ನೂರಿನಲ್ಲಿ ಆಟೋ ಹತ್ತುವಾಗಲೇ ನಾನು ಜಗಳಕ್ಕೆ ಟೊಂಕ ಕಟ್ಟಿದ್ದೆ. ಕೊಳ್ಳೇಗಾಲ ತಲುಪುವಷ್ಟರಲ್ಲಿ ಯಾರ್ಯಾರಿಗೆ ಏನೇನು ಅನ್ನಬೇಕು ಎಂಬುದೆಲ್ಲ ಬಾಯಿಪಾಠವಾಗಿತ್ತು. ಪಕ್ಕದಲ್ಲಿ ನನ್ನ ನಾದಿನಿ, ಗಂಡನ ಒಬ್ಬಳೇ ತಂಗಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದಳು. ಯಳಂದೂರಿನಲ್ಲಿ ಬಸ್ಸು ಹತ್ತಿದೆವು, ಮಾಂಬಳ್ಳಿ ದಾಟಿದೆವು, ಅವಳ ಬಾಯಿಂದ ಒಂದು ಮಾತು ಹೊರಡಲಿಲ್ಲ. ನನ್ನ ಸಿಟ್ಟಿಗಿಂತ ಅವಳ ಆ ಮೌನವೇ ನನಗೆ ಹೆಚ್ಚು ಭಾರವಾಗಿತ್ತು.

ನಮ್ಮಿಬ್ಬರ ಮೇಲೆ ಬಂದಿದ್ದ ಆರೋಪ ಏನು ಗೊತ್ತೇ? ವಿಡಿಯೋ ಗೇಮಿನಲ್ಲಿ ಮೋಸ ಮಾಡಿದೆವಂತೆ. ನಗಬೇಡಿ. ಕೇಳಿದ ಕೂಡಲೇ ನಾನೂ ನಕ್ಕಿದ್ದೆ, ಆಮೇಲೆ ನಾದಿನಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.

ಅವಳನ್ನು ಹನೂರಿನ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ಆ ಮನೆಯಲ್ಲಿ ಒಂದು ದಿನ ಅವಳ ಅತ್ತೆಯ ಓಲೆ ಕಾಣೆಯಾಯಿತು. ಹೊಸದಾಗಿ ಬಂದವಳು ಇವಳೊಬ್ಬಳೇ, ಇನ್ಯಾರು ತೆಗೆದಿರುತ್ತಾರೆ? ದೀಪ ಹಚ್ಚಿಟ್ಟು, ಬೆಟ್ಟದ ಮಾದಪ್ಪನ ಮೇಲೆ ಆಣೆ ಮಾಡು ಅಂದರು. ಮಾಡಿದಳು. ಆಣೆ ಮಾಡಿದ ಮೇಲೂ ಅವಳನ್ನು ನಂಬಲಿಲ್ಲ. ಕೊನೆಗೆ ಆ ಓಲೆ ಆ ಅತ್ತೆಯ ಹಾಸಿಗೆಯ ಹತ್ತಿಯೊಳಗೇ ಸಿಕ್ಕಿತು. "ಸಿಕ್ತು ಬುಡು" ಅಂದರಂತೆ, ಅಷ್ಟೇ. ತಪ್ಪಾಯಿತು ಎಂಬ ಮಾತು ಆ ಮನೆಯ ಒಂದು ನಾಲಿಗೆಯಿಂದಲೂ ಬರಲಿಲ್ಲ. ಇವಳು ಬಟ್ಟೆ ಗಂಟು ಕಟ್ಟಿಕೊಂಡು ತವರಿಗೆ ಬಂದುಬಿಟ್ಟಳು.

ಬಂದವಳು ಮಾತು ಬಿಟ್ಟಳು. ಉಣ್ಣು ಅಂದರೆ ಉಣ್ಣುವುದು, ಮಲಗು ಅಂದರೆ ಮಲಗುವುದು. ಯಾರಾದರೂ ಮನೆಗೆ ಬಂದರೆ ಕೊಟ್ಟಿಗೆಗೆ ಹೋಗಿ ನಿಲ್ಲುವಳು. ನನ್ನ ಅತ್ತೆ ಕಣ್ಣೊರೆಸಿಕೊಳ್ಳುತ್ತಲೇ ಓಡಾಡುತ್ತಿದ್ದರು. ನನಗಂತೂ ಹನೂರು ಬಸ್ಸು ಹತ್ತಿ ಹೋಗಿ ಅವರ ಜುಟ್ಟು ಹಿಡಿದು ಜಗ್ಗಬೇಕು ಅನ್ನಿಸುತ್ತಿತ್ತು. ಗಂಡ ಬಿಡಲಿಲ್ಲ.

ಅವಳ ಬಾಯಿ ಬಿಡಿಸಿದ್ದು ಈ ಹಾಳು ಆಟವೇ. ನಾನು ಮನೆಯಲ್ಲೇ ರವಿಕೆ ಹೊಲಿಯುವವಳು. ಮಧ್ಯಾಹ್ನ ಮೆಷಿನ್ನು ನಿಲ್ಲಿಸಿ, ಫೋನಿನಲ್ಲಿ ಗುಂಡು ಹೊಡೆಯುವ ಆಟ ಆಡುತ್ತಿದ್ದೆ. ಹೊಡೆಯುವುದರಲ್ಲಿ ನಾನು ಎತ್ತಿದ ಕೈ. ಆದರೆ ಹೊಡೆಯುವ ಭರದಲ್ಲಿ ಓಡುವುದು, ಅಡಗುವುದು ಮರೆತುಹೋಗಿ, ಬಯಲಲ್ಲಿ ನಿಂತು ಸಾಯುತ್ತಿದ್ದೆ. ಒಂದು ದಿನ ಹಿಂದೆ ನಿಂತು ನೋಡುತ್ತಿದ್ದ ನಾದಿನಿ ಇದ್ದಕ್ಕಿದ್ದಂತೆ ಕೂಗಿದಳು: "ಅತ್ಗೆ, ಬಗ್ಗು! ಗ್ವಾಡೆ ಇಂದುಕ್ಕೋಗು!"

ಅಬ್ಬಾ, ಎಷ್ಟು ತಿಂಗಳ ಮೇಲೆ ಕೇಳಿದ ದನಿ! ಖುಷಿ ತೋರಿಸಿಕೊಳ್ಳದೆ, "ಅಂಗಾರೆ ನೀನೇ ಓಡ್ಸು, ಬಾ" ಎಂದು ಫೋನನ್ನು ಮಣೆಯ ಮೇಲಿಟ್ಟು ಎಡಗಡೆ ಜಾಗ ಬಿಟ್ಟೆ.

ಅಲ್ಲಿಂದ ನಮ್ಮ ಪದ್ಧತಿ ಶುರುವಾಯಿತು. ಭುಜಕ್ಕೆ ಭುಜ ತಾಗಿಸಿ ಕೂರುವುದು. ತೆರೆಯ ಎಡ ಅರ್ಧ ಅವಳದು: ಓಡುವುದು, ಬಗ್ಗುವುದು, ಹಾರುವುದು, ಅಡಗುವುದು. ಬಲ ಅರ್ಧ ನನ್ನದು: ಗುರಿ ಹಿಡಿಯುವುದು, ಹೊಡೆಯುವುದು. ಇಬ್ಬರ ಸ್ವಭಾವಕ್ಕೂ ಸರಿಯಾದ ಹಂಚಿಕೆ. ಮೊದಮೊದಲು ಒಬ್ಬರ ಬೆರಳು ಒಬ್ಬರಿಗೆ ತಗುಲಿ ಬೈದಾಡಿಕೊಂಡೆವು. ಆಮೇಲೆ ಅವಳ ಉಸಿರಿನಲ್ಲೇ ನನಗೆ ತಿಳಿಯುತ್ತಿತ್ತು, ಈಗ ಗೋಡೆಯಿಂದ ಆಚೆ ಬರುತ್ತಾಳೆ ಎಂದು. "ಇದೇನ್ರವ್ವ, ರಾಗಿಕಲ್ಲಿಗೆ ಕೂತಂಗೆ ಕೂತಿದ್ದೀರಿ" ಎಂದು ಅತ್ತೆ ನಗುತ್ತಿದ್ದರು. ಮಗಳು ಮಾತಾಡುತ್ತಾಳಲ್ಲ ಎಂದು ಅವರೂ ಆ ಗುಂಡಿನ ಸದ್ದನ್ನು ಸಹಿಸಿಕೊಂಡರು.

ಅಷ್ಟರಲ್ಲಿ ಕೊಳ್ಳೇಗಾಲದ ಕೆಲವು ಹುಡುಗರು ಇದೇ ಆಟದ ಪಂದ್ಯ ಇಟ್ಟರು. ಒಬ್ಬರಿಗೆ ಎದುರು ಒಬ್ಬರು. ಮೊದಲ ಸುತ್ತುಗಳನ್ನು ಅವರವರ ಮನೆಯಿಂದಲೇ ಆಡಬಹುದು, ಕೊನೆಯ ನಾಲ್ವರು ಮಾತ್ರ ಕೊಳ್ಳೇಗಾಲಕ್ಕೆ ಬಂದು ಆಡಬೇಕು. ನಮ್ಮಿಬ್ಬರ ಹೆಸರಿನಿಂದ ಒಂದೊಂದು ಅಕ್ಷರ ತೆಗೆದು ಒಂದು ಹೆಸರು ಮಾಡಿ ಕೊಟ್ಟೆವು. ಇಬ್ಬರು ಸೇರಿ ಒಂದು ಫೋನಿನಲ್ಲಿ ಆಡಬಾರದು ಎನ್ನುವುದು ನಮ್ಮ ತಲೆಗೆ ಹೊಳೆಯಲೇ ಇಲ್ಲ. ರಾಗಿ ಬೀಸುವುದಿರಲಿ, ತೊಳೆದ ದುಪಟಿ ಹಿಂಡುವುದಿರಲಿ, ಒಲೆಯಿಂದ ಹಂಡೆ ಇಳಿಸುವುದಿರಲಿ, ನಮ್ಮ ಮನೆಯಲ್ಲಿ ಇಬ್ಬರು ಕೈ ಹಾಕಿದರೇ ಕೆಲಸ. ಒಬ್ಬರೇ ಮಾಡಬೇಕು ಎಂಬ ಕಾನೂನು ನಾವು ಯಾವತ್ತೂ ಕೇಳಿರಲಿಲ್ಲ.

ಗೆದ್ದೆವು. ಮತ್ತೆ ಗೆದ್ದೆವು. ನಾಲ್ವರೊಳಗೆ ಬಂದೆವು. ನಾದಿನಿ ಬಟ್ಟೆ ಒಗೆಯುವಾಗ ಹಾಡು ಗುನುಗತೊಡಗಿದ್ದಳು. ಆಗ ನಮಗೆ ಸೋತಿದ್ದ ಒಬ್ಬ ಹುಡುಗ ಆಟವನ್ನು ರೆಕಾರ್ಡ್ ಮಾಡಿ ಪಂದ್ಯದ ಗ್ರೂಪಿಗೆ ಹಾಕಿದ. ನೋಡಿ, ಓಡುತ್ತ, ಹಾರುತ್ತ, ತಿರುಗುತ್ತ, ಅದೇ ಗಳಿಗೆಯಲ್ಲಿ ಗುರಿಯಿಟ್ಟು ಹೊಡೆಯುತ್ತಾರೆ, ಮನುಷ್ಯರ ಎರಡು ಕೈಯಲ್ಲಿ ಇದು ಆಗುವ ಮಾತಲ್ಲ ಅಂದ. ಇವರು ಫೋನಿನಲ್ಲೇ ಆಡುತ್ತಿಲ್ಲ, ಕಂಪ್ಯೂಟರಿಗೆ ಆಟ ಹಾಕಿಕೊಂಡು ಮೌಸಿನಲ್ಲಿ ಹೊಡೆಯುತ್ತಿದ್ದಾರೆ ಅಂದ ಇನ್ನೊಬ್ಬ. ಮ್ಯಾಕ್ರೋ ಹಾಕಿದ್ದಾರೆ ಅಂದ ಮತ್ತೊಬ್ಬ. ಮ್ಯಾಕ್ರೋ ಎಂದರೆ ಒಂದು ಗುಂಡಿ ಒತ್ತಿದರೆ ಹತ್ತು ಕೆಲಸ ತಾನಾಗಿ ಆಗುವಂತೆ ಮೊದಲೇ ಹೊಂದಿಸಿಡುವ ಕಳ್ಳದಾರಿಯಂತೆ. ಕೆಳಗೆ ಸಾಲಾಗಿ ಒಂದೇ ಮಾತು: ಕಳ್ಳಾಟ, ಕಳ್ಳಾಟ, ಕಳ್ಳಾಟ. ಪಂದ್ಯ ನಡೆಸುವವರು, "ಭಾನುವಾರ ಆ ಫೋನ್ ತಗೊಂಡು ಬನ್ನಿ, ಎಲ್ಲರ ಮುಂದೆ ತೀರ್ಮಾನ ಆಗಲಿ" ಎಂದು ಬರೆದರು.

ನಾದಿನಿ ಅದನ್ನೆಲ್ಲ ಓದಿ ಫೋನನ್ನು ಬೋರಲು ಹಾಕಿದಳು. ಎದ್ದು ಕೊಟ್ಟಿಗೆಗೆ ಹೋದಳು. ಊಟಕ್ಕೆ ಕರೆದರೆ ಬರಲಿಲ್ಲ. ನನಗೆ ನಿಜವಾಗಿ ಭಯವಾಯಿತು. ಆಟ ಮನೆ ಹಾಳಾಗಲಿ, ಬಹುಮಾನ ಯಾರಿಗೆ ಬೇಕು, ಇವಳು ಮತ್ತೆ ಮೊದಲಿನ ಹಾಗೆ ಮೂಕಿಯಾದರೆ ಏನು ಗತಿ? ಕಳ್ಳಿ ಎಂಬ ಮಾತು ಅವಳನ್ನು ಒಂದು ಮನೆಯಿಂದ ಓಡಿಸಿತ್ತು. ಈಗ ನಮ್ಮ ಮನೆಗೇ ಹುಡುಕಿಕೊಂಡು ಬಂದಿತ್ತು. ಅವಳನ್ನು ಬಲವಂತವಾಗಿ ಹೊರಡಿಸಿದವಳು ನಾನೇ.

ಪಂದ್ಯ ಇದ್ದದ್ದು ಒಂದು ಛತ್ರದ ಊಟದ ಹಾಲ್‌ನಲ್ಲಿ. ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಬಿಳಿ ಪರದೆ, ಒಂದು ಮೈಕು. ನಾವಿಬ್ಬರೂ ಸೀರೆ ಉಟ್ಟುಕೊಂಡು ಒಳಗೆ ಹೋದಾಗ ಹುಡುಗರು, ಯಾರದೋ ಮದುವೆಗೆ ಬಂದವರು ದಾರಿ ತಪ್ಪಿದ್ದಾರೆ ಅಂದುಕೊಂಡರು. "ಮದ್ವೆ ಮೇಲ್ಗಡೆ ಅಕ್ಕ" ಅಂದ ಒಬ್ಬ.

"ನಾವೇ ಕಣಪ್ಪ ನಿಮ್ಮ ಕಳ್ರು" ಅಂದೆ.

ಪಂದ್ಯ ನಡೆಸುತ್ತಿದ್ದ ಗಡ್ಡದ ಹುಡುಗ ನಮ್ಮ ಫೋನ್ ಇಸಿದುಕೊಂಡು ಲ್ಯಾಪ್‌ಟಾಪಿಗೆ ಸಿಕ್ಕಿಸಿ ಬಹಳ ಹೊತ್ತು ನೋಡಿದ. "ಇದ್ರಲ್ಲಿ ಏನೂ ಇಲ್ಲ" ಅಂದ. ನಮಗೆ ಸೋತಿದ್ದ ಹುಡುಗ ಒಪ್ಪಲಿಲ್ಲ. "ಕಂಪ್ಯೂಟ್ರಲ್ಲಿ ಆಡ್ಬುಟ್ಟು ಈಗ ಏನೂ ಇಲ್ದಿರ ಫೋನ್ ತಂದವ್ರೆ" ಅಂದ. ಅವನ ಬೆರಳಿಗೆಲ್ಲ ಬೆಳ್ಳಿ ಬಣ್ಣದ ಬಟ್ಟೆಯ ಟೋಪಿ, ಬೆವರಿಗೆ ಬೆರಳು ತೆರೆಯ ಮೇಲೆ ಜಾರದಿರಲಿ ಎಂದು. ಅವನ ಫೋನಿನ ಅಂಚಿಗೆ, ಬೇಗ ಬೇಗ ಗುಂಡು ಹೊಡೆಯಲೆಂದು, ಎರಡು ಸ್ಪ್ರಿಂಗು ಗುಂಡಿ ಕಚ್ಚಿಕೊಂಡಿದ್ದವು.

"ನಿನ್ ಬೆರ್ಳಿಗೆ ಸ್ವಾಟರ್ ಆಕಿದ್ದೀಯಲ್ಲ, ಫೋನ್‌ಗೆ ಕೊಂಬು ಸಿಕ್ಸಿದ್ದೀಯಲ್ಲ, ಅದೆಲ್ಲ ಯಾವ ಪುಣ್ಯದ ಕೆಲ್ಸ ಕಣಪ್ಪ?" ಎಂದು ನಾನು ಶುರು ಮಾಡಿದೆ. ಹುಡುಗರು ನಕ್ಕರು. ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಹೊರಗೆ ಬರುವುದರಲ್ಲಿತ್ತು. ಅಷ್ಟರಲ್ಲಿ ಹಿಂದಿನಿಂದ ಯಾರೋ, "ಯಾಕ್ ಸುಮ್ನೆ ಮಾತು? ಮಾದಪ್ಪನ ಮೇಲೆ ಆಣೆ ಮಾಡ್ಲಿ, ಮುಗೀತದೆ" ಅಂದರು.

ನಮ್ಮ ಕಡೆ ಮಾದಪ್ಪನ ಹೆಸರು ಬಂದರೆ ಮುಂದೆ ಯಾರೂ ವಾದ ಮಾಡುವುದಿಲ್ಲ. ನಾನು ನಾದಿನಿಯ ಕಡೆ ನೋಡಿದೆ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಯಾಕಾದರೂ ಕರೆದುಕೊಂಡು ಬಂದೆನೋ, ಕೈ ಹಿಡಿದು ಹೊರಗೆ ಹೊರಟುಬಿಡೋಣ ಅಂದುಕೊಂಡೆ.

"ಆಣೆ ಮಾಡಾಕಿಲ್ಲ" ಅಂದಳು ಅವಳು.

"ಅಲ್ಲಿಗೆ ಗೊತ್ತಾಯ್ತು ಬುಡಿ" ಅಂದ ಬೆರಳುಟೋಪಿಯವನು.

"ಏನ್ ಗೊತ್ತಾಯ್ತು? ನಂಬ್ದೋರು ಆಣೆ ಮಾಡುದ್ರೂ ನಂಬಾಕಿಲ್ಲ. ನಂಗೊತ್ತು ಅದು. ಒಂದ್ ಮಣೆ ಕೊಡಿ ಸಾ, ಆಡಿ ತೋರುಸ್ತೀವಿ."

ಛತ್ರವಲ್ಲವೇ, ಮಣೆಗೇನು ಬರ? ರಂಗುರಂಗಿನ ಒಂದು ಹಸೆಮಣೆಯನ್ನೇ ತಂದಿಟ್ಟರು. ಅದರ ಮೇಲೆ ಫೋನಿಟ್ಟು, ನೆಲದ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತೆವು. ನಾಲ್ಕು ಕೈ ಒಂದು ಫೋನಿನ ಮೇಲೆ ಬಿದ್ದದ್ದನ್ನು ನೋಡಿ ಗಡ್ಡದ ಹುಡುಗ ಬಾಯಿ ತೆರೆದುಕೊಂಡು ನಿಂತ. ಅವನೇ ನಮ್ಮ ಎದುರು ಆಡಿದ. ಮೊದಲ ಸಲ ನಾದಿನಿ ಎಡಕ್ಕೆ ಓಡಿಸುವ ಬದಲು ಬಲಕ್ಕೆ ಓಡಿಸಿ, ನಾವು ಒಂದು ಗೋಡೆಗೆ ಮುಖ ಕೊಟ್ಟು ನಿಂತಲ್ಲೇ ಸತ್ತೆವು. ಯಾರೋ ಕಿಸಕ್ಕೆಂದರು. ನಾನು ಮೊಣಕೈಯಿಂದ ಅವಳನ್ನು ತಿವಿದು, "ನಮ್ಮನೆ ಅನ್ಕೊಳೇ. ಅತ್ತೆ ಒಲೆ ಮುಂದೆ ಅವ್ರೆ ಅನ್ಕೊ" ಅಂದೆ. ಎರಡನೇ ಸಲಕ್ಕೆ ಅವಳ ಉಸಿರು ಹದಕ್ಕೆ ಬಂತು. ಅವಳು ಓಡಿಸಿದಳು, ನಾನು ಹೊಡೆದೆ. ಹಾರಿಸಿದಳು, ಹೊಡೆದೆ. ಗಡ್ಡದವನು ಎಲ್ಲಿಂದ ಗುಂಡು ಬಂತೆಂದು ತಿಳಿಯುವ ಮೊದಲೇ ಉರುಳಿದ. ಮೂರನೇ ಸಲವೂ ಅಷ್ಟೇ. ಹುಡುಗರೆಲ್ಲ ಕುರ್ಚಿ ಬಿಟ್ಟು ನಮ್ಮ ಸುತ್ತ ನಿಂತು ಕೇಕೆ ಹಾಕುತ್ತಿದ್ದರು.

ಕೇಕೆ ತಣ್ಣಗಾದ ಮೇಲೆ ಬೆರಳುಟೋಪಿಯವನು ಮೆಲ್ಲಗೆ ಅಂದ: "ಮ್ಯಾಕ್ರೋ ಇಲ್ಲ, ಒಪ್ಕೊಂಡೆ. ಆದ್ರೆ ಅಕ್ಕ, ನಂಗಿರದು ಎರಡೇ ಕೈ. ನಾಕು ಕೈ ಎದ್ರುಗೆ ನಾನೆಂಗೆ ಗೆಲ್ಲದು?"

"ಒಂದು ಫೋನಿಗೆ ಇಬ್ರು ಆಡ್ಬಾರ್ದು ಅಂತ ನಿಮ್ ರೂಲಲ್ಲಿ ಎಲ್ಲಿ ಬರ್ದಿದ್ದೀರಿ?" ಎಂದು ನಾನು ಎದ್ದೇಬಿಟ್ಟೆ. ಬರೆದಿರಲಿಲ್ಲ. ಇಂಥವರು ಬರುತ್ತಾರೆ ಎಂದು ಅವರಿಗೇನು ಕನಸು ಬಿದ್ದಿತ್ತೇ? ಗಡ್ಡದ ಹುಡುಗ ತಲೆ ಕೆರೆದುಕೊಂಡ. ನಾನು ಗೆದ್ದೆನೆಂದೇ ಅಂದುಕೊಂಡಿದ್ದೆ.

ನಾದಿನಿ ನನ್ನ ಕೈ ಹಿಡಿದು ಜಗ್ಗಿ ಕೂರಿಸಿದಳು. "ಸುಮ್ಕಿರತ್ಗೆ. ಅವ್ನು ಯೋಳ್ತಿರದು ಸರಿ."

ಆಮೇಲೆ ತಾನೇ ಎದ್ದು ನಿಂತಳು. ಜನ ಬಂದರೆ ಕೊಟ್ಟಿಗೆಗೆ ಓಡುತ್ತಿದ್ದವಳು, ಅಷ್ಟು ಜನ ಗಂಡುಹುಡುಗರ ನಡುವೆ ಎದ್ದು ನಿಂತಳು. "ನಾವಿಬ್ರು, ನೀವೊಬ್ರು. ಅದು ಸಮ ಅಲ್ಲ. ನಮ್ಗೆ ಗೊತ್ತಿರ್ನಿಲ್ಲ. ನಮ್ಮನ್ನ ಪಂದ್ಯದಿಂದ ತಗುದ್ಬುಡಿ, ಬ್ಯಾಸ್ರ ಇಲ್ಲ. ಆದ್ರೆ ಗೊತ್ತಿಲ್ದೆ ಮಾಡದು ಬ್ಯಾರೆ, ಕದಿಯದು ಬ್ಯಾರೆ. ಕಳ್ಳಾಟ ಅಂತ ಎಲ್ಲಾರ್ಗೂ ಕಾಣಂಗೆ ಬರುದ್ರಲ್ಲ, ಅದು ತಪ್ಪು. ಅದ್ನ ತಪ್ಪು ಅಂತ ಎಲ್ಲಾರ್ಗೂ ಕೇಳಂಗೆ ಯೋಳಿ."

ನನ್ನ ಬಾಯಿಗೂ ಬೀಗ ಬೀಳುವುದುಂಟು ಎಂದು ಅವತ್ತೇ ಗೊತ್ತಾಗಿದ್ದು.

ಗಡ್ಡದ ಹುಡುಗ ಒಳ್ಳೆಯ ತಾಯಿ ಹೆತ್ತ ಮಗ. ನೇರವಾಗಿ ಮೈಕಿನ ಹತ್ತಿರ ಹೋದ. ಇನ್ನು ಮುಂದೆ ಒಂದು ಫೋನಿಗೆ ಒಬ್ಬರೇ, ನಮ್ಮ ಜಾಗದಲ್ಲಿ ನಮಗೆ ಸೋತಿದ್ದ ಬೆರಳುಟೋಪಿಯವನು ಆಡುತ್ತಾನೆ ಎಂದು ಮೊದಲು ಹೇಳಿದ. ಆಮೇಲೆ, "ಈ ಅಕ್ಕಂದಿರು ಯಾವ ಮೋಸಾನೂ ಮಾಡಿಲ್ಲ. ನೋಡ್ದೆ, ಕೇಳ್ದೆ ಕಳ್ಳಾಟ ಅಂದೋರು ನಾವು. ತಪ್ಪು ನಮ್ದು. ಕ್ಷಮಿಸ್ಬೇಕು" ಅಂದ. ಬೆರಳುಟೋಪಿಯವನೂ ಗ್ರೂಪಿನಲ್ಲಿ ಅದನ್ನೇ ಬರೆದು, ನಮಗೆ ತೋರಿಸಿ ಹೋದ.

ನಾದಿನಿ ಕೂತುಬಿಟ್ಟಳು. ಅತ್ತಳು. ಆಮೇಲೆ ಅಳುತ್ತಲೇ ನಗತೊಡಗಿದಳು. ನನಗೆ ಎದೆಯ ಮೇಲಿಂದ ಕಲ್ಲು ಇಳಿಸಿದಂತಾಯಿತು. ಪಂದ್ಯದಿಂದ ಹೊರಬಿದ್ದವರು ಅಷ್ಟು ಖುಷಿಯಾಗಿ ಮುಂದಿನ ಸಾಲಿನಲ್ಲಿ ಕೂತು ಬೇರೆಯವರ ಫೈನಲ್ ನೋಡಿದ್ದನ್ನು ಆ ಛತ್ರ ಕಂಡಿರಲಾರದು. "ಬಗ್ಗೋ! ಬಗ್ಗೋ!" ಎಂದು ಅವಳು ಕೂಗುತ್ತಿದ್ದದ್ದಕ್ಕೆ ಬೆರಳುಟೋಪಿಯವನು ಎರಡು ಸಲ ಹೆದರಿ ಬಗ್ಗಿ, ಎರಡು ಸಲವೂ ಬದುಕಿದ.

ಸಂಜೆ ಹೊನ್ನೂರಿಗೆ ಬಂದಾಗ ಅತ್ತೆ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತ ಕಾಯುತ್ತಿದ್ದರು. ಮಗಳ ಮುಖವನ್ನೇ ನೋಡಿದರು. "ಗೆದ್ರಾ?" ಅಂದರು.

"ಇಲ್ಲ ಕಣವ್ವ, ತಗುದ್ಬುಟ್ರು" ಎಂದು ನಾದಿನಿ ಅವರ ಪಕ್ಕ ಕುಕ್ಕರಿಸಿ ಎಲ್ಲವನ್ನೂ ಹೇಳತೊಡಗಿದಳು. ನಾನು ಒಳಗೆ ಹೋಗಿ ಕಾಫಿಗೆ ಇಟ್ಟೆ. ಮೈಕಿನ ಮಾತು ಬಂದಾಗ ಅತ್ತೆಯ ಕೈ ಸೊಪ್ಪಿನ ಮೇಲೇ ನಿಂತದ್ದು ಬಾಗಿಲಿಂದ ಕಾಣುತ್ತಿತ್ತು.

"ತಪ್ಪು ನಮ್ದು ಅಂದ್ರಾ?"

"ಊ ಕಣವ್ವ."

"ಎಲ್ಲಾರ್ ಮುಂದೆ?"

"ಎಲ್ಲಾರ್ ಮುಂದೆ. ಮೈಕಲ್ಲಿ."

ಅತ್ತೆ ಸೊಪ್ಪಿನ ಮೊರವನ್ನು ಪಕ್ಕಕ್ಕೆ ಸರಿಸಿದರು. "ಇನ್ನೊಂದ್ಸಲ ಯೋಳವ್ವ, ಅವ್ರು ಅಂದಂಗೇ ಯೋಳು" ಅಂದರು. ನಾದಿನಿ ಎದ್ದು ನಿಂತು, ಗಡ್ಡದವನ ಹಾಗೆಯೇ ಮೈಕು ಹಿಡಿದಂತೆ ಕೈ ಮಾಡಿ, ಆ ಬೀದಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದಳು.