ನೂರು ಪಾಯಿಂಟಿನ ಆಟ ನೋಡಿದವರು

ಆರ್ಡೀಲಿಯಾ ಮ್ಯಾಪ್ ಮೂವತ್ತೊಂದು ವರ್ಷ ಫಿಲಡೆಲ್ಫಿಯಾದಲ್ಲಿ ಟ್ರಾಮ್ ಓಡಿಸಿದವಳು. ಕುಡಿದು ಹತ್ತಿದವರನ್ನೂ ಟಿಕೆಟ್ಟಿಗೆ ತಗಾದೆ ತೆಗೆಯುವವರನ್ನೂ ಕನ್ನಡಿಯೊಳಗಿನ ಒಂದು ನೋಟದಲ್ಲೇ ಕೂರಿಸುತ್ತಿದ್ದಳು. ನಿವೃತ್ತಿಯಾದ ಮೇಲೆ ಶನಿವಾರಗಳಂದು ತಮ್ಮ ಥರ್ಮನ್‌ನ ಕಾರು ಗ್ಯಾರೇಜಿಗೆ ಹೋಗಿ ಫೋನ್ ಎತ್ತುತ್ತಿದ್ದಳು. ಮನೆಯಲ್ಲಿ ಒಬ್ಬಳೇ ಗೋಡೆ ನೋಡಿಕೊಂಡು ಕೂರುವುದಕ್ಕಿಂತ ಅದು ವಾಸಿ ಅನ್ನಿಸಿತ್ತು.

ಶನಿವಾರ ಗ್ಯಾರೇಜಿಗೆ ಬರುತ್ತಿದ್ದವರಲ್ಲಿ ಅರ್ಧ ಜನರ ಕಾರು ಕೆಟ್ಟಿರುತ್ತಿರಲಿಲ್ಲ. ಬಾಸ್ಕೆಟ್‌ಬಾಲ್ ಆಡಿದವರಲ್ಲೆಲ್ಲ ಯಾರು ದೊಡ್ಡವನು ಎಂದು ಕಿತ್ತಾಡುವುದಕ್ಕೆ ಬರುತ್ತಿದ್ದರು. ಥರ್ಮನ್‌ಗೆ ತಮ್ಮೂರಿನ ವಿಲ್ಟ್ ಚೇಂಬರ್ಲಿನ್ ಬಿಟ್ಟರೆ ಇನ್ನೊಬ್ಬನಿಲ್ಲ. ಚಿಕಾಗೋದಿಂದ ಬಂದು ನೆಲೆಸಿದ್ದ, ಛಾವಣಿ ರಿಪೇರಿ ಮಾಡುವ ಕ್ಲೀವನ್ ರಡ್‌ಗೆ ಮೈಕಲ್ ಜೋರ್ಡನ್. ಇದು ನಕ್ಕು ಮರೆಯುವ ಜಗಳವಾಗಿ ಉಳಿದಿರಲಿಲ್ಲ. ರಡ್ ಮಗಳ ಮದುವೆಗೆ ಬೀದಿಯವರನ್ನೆಲ್ಲ ಕರೆದು ಥರ್ಮನ್‌ನನ್ನು ಬಿಟ್ಟಿದ್ದ. ಥರ್ಮನ್ ರಡ್‌ನ ವ್ಯಾನಿಗೆ ಕೈ ಹಚ್ಚುವುದನ್ನೇ ನಿಲ್ಲಿಸಿದ್ದ. ಆದರೂ ಇಬ್ಬರೂ ವಾರವಾರ ಎದುರುಬದುರು ಕೂರುವುದು ಮಾತ್ರ ತಪ್ಪುತ್ತಿರಲಿಲ್ಲ.

ಮಾತಿನಲ್ಲಿ ಸೋಲು ಬಂದಾಗಲೆಲ್ಲ ಥರ್ಮನ್ ಹರ್ಷಿ ಎಂಬ ಊರಿನ ಕಥೆ ತೆಗೆಯುತ್ತಿದ್ದ. ಸಾವಿರದ ಒಂಬೈನೂರ ಅರವತ್ತೆರಡರ ಮಾರ್ಚ್‌ನಲ್ಲಿ ಆ ಊರಿನಲ್ಲಿ ವಿಲ್ಟ್ ಒಂದೇ ಆಟದಲ್ಲಿ ನೂರು ಪಾಯಿಂಟ್ ಹೊಡೆದಿದ್ದ. ಟಿವಿಯಲ್ಲಿ ಬಂದ ಆಟವಲ್ಲ ಅದು. ನೋಡಿದವರು ನಾಲ್ಕು ಸಾವಿರ ಚಿಲ್ಲರೆ ಜನ. ಅವರಲ್ಲಿ ತಾನೂ ಒಬ್ಬ, ಎಂಟು ವರ್ಷದವನಾಗಿ ಅಪ್ಪನ ತೊಡೆಯ ಮೇಲೆ ಕೂತಿದ್ದೆ, ಊರೆಲ್ಲ ಕಾರ್ಖಾನೆಯ ಚಾಕೊಲೇಟ್ ವಾಸನೆ, ಎಂದು ಅವನು ಶುರುಮಾಡಿದರೆ ಎದುರಿನವರು ಬಾಯಿ ಮುಚ್ಚಬೇಕಿತ್ತು.

ಆರ್ಡೀಲಿಯಾ ಅದನ್ನು ನೂರಾರು ಸಲ ಕೇಳಿದ್ದಳು. ನಡೆದದ್ದು ಬೇರೆ. ಅಪ್ಪನ ಬಳಿ ಇದ್ದದ್ದು ಎರಡೇ ಟಿಕೆಟ್ಟು. ಥರ್ಮನ್‌ಗೆ ಮಂಗಬಾವು ಬಂದು ಕೆನ್ನೆ ಊದಿಕೊಂಡಿತ್ತು. ಅಮ್ಮ ಅವನನ್ನು ಹೊಸಿಲು ದಾಟಲು ಬಿಡಲಿಲ್ಲ. ಹೋದವಳು ಹದಿಮೂರು ವರ್ಷದ ಆರ್ಡೀಲಿಯಾ. ಮರುದಿನ ತಮ್ಮ ಗೋಡೆ ಕಡೆ ತಿರುಗಿ ಅಳುತ್ತಿದ್ದಾಗ ಪಕ್ಕದಲ್ಲಿ ಕೂತು, ಚಾಕೊಲೇಟ್ ವಾಸನೆಯಿಂದ ಹಿಡಿದು ಎಲ್ಲವನ್ನೂ ಹೇಳಿದ್ದಳು. ಅವನು ಅದನ್ನೇ ಶಾಲೆಯಲ್ಲಿ ತನ್ನದೆಂದು ಹೇಳಿಕೊಂಡಾಗ ಪಾಪ ಅನ್ನಿಸಿ ಸುಮ್ಮನಾದಳು. ಅಪ್ಪ ತೀರಿಕೊಂಡಾಗ ಥರ್ಮನ್ ಚರ್ಚಿನಲ್ಲಿ ಶವಪೆಟ್ಟಿಗೆಯ ಪಕ್ಕ ನಿಂತು ಅದನ್ನೇ ಹೇಳಿ ಎಲ್ಲರನ್ನೂ ಅಳಿಸಿದ. ಅವಳು ಮುಂದಿನ ಸಾಲಿನಲ್ಲಿ ಕೂತು ಅಂಗೈಗೆ ಉಗುರು ಒತ್ತಿಕೊಂಡಳು. ನೀನು ಅಪ್ಪನ ಜೊತೆ ಎಲ್ಲಿಗಾದರೂ ಹೋಗಿದ್ದೆಯಾ ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

ಅವಳಿಗೆ ಅರವತ್ತೆರಡಾಗಿದ್ದ ವರ್ಷ, ಅಕ್ಟೋಬರಿನ ಒಂದು ಶನಿವಾರ, ರಡ್ ಪಟ್ಟು ಹಿಡಿದ. ಆ ಆಟ ನೋಡಿದೆ ಅನ್ನುವ ಗಂಡಸರನ್ನೆಲ್ಲ ಸೇರಿಸಿದರೆ ಹತ್ತು ಹರ್ಷಿ ಬೇಕು, ನಿನ್ನದಕ್ಕೆ ಸಾಕ್ಷಿ ಎಲ್ಲಿ ಎಂದ. ಥರ್ಮನ್ ಕೈಯಲ್ಲಿದ್ದ ಸ್ಪ್ಯಾನರನ್ನು ಮೇಜಿಗೆ ಕುಕ್ಕಿ ಅಕ್ಕನ ಕಡೆ ಕೈ ತೋರಿಸಿದ.

"ಅವಳನ್ನ ಕೇಳು. ಆಟದ ತಲೆಬುಡ ಅವಳಿಗೆ ಗೊತ್ತಿಲ್ಲ, ಆದ್ರೆ ಸುಳ್ಳು ಹೇಳೋಳಲ್ಲ."

ಮೊದಲ ಮಾತು ಚುಚ್ಚದಿದ್ದರೆ ಅವಳು ಅವತ್ತೂ ಸುಮ್ಮನಿರುತ್ತಿದ್ದಳೇನೋ.

"ಅವತ್ತು ನಿಂಗೆ ಮಂಗಬಾವು ಬಂದಿತ್ತು, ಥರ್ಮನ್," ಎಂದಳು. "ಅಪ್ಪ ಕರ್ಕೊಂಡು ಹೋಗಿದ್ದು ನನ್ನ."

ರಡ್ ತೊಡೆ ತಟ್ಟಿಕೊಂಡು ನಕ್ಕ. ನಕ್ಕು ಮುಗಿಸಿ, ದನಿಗೆ ಬೆಣ್ಣೆ ಹಚ್ಚಿಕೊಂಡು ಕೇಳಿದ: "ಹಾಗಾದ್ರೆ ನೀವೇ ಹೇಳಿ, ಮಿಸ್ ಆರ್ಡೀಲಿಯಾ. ಮೈಕಲ್ಲೇ ತಾನೇ ದೊಡ್ಡೋನು?"

"ಮೈಕಲ್ ಆಡೋದನ್ನ ಎದುರಿಗೆ ಕೂತು ಎಷ್ಟು ಸಲ ನೋಡಿದ್ದೀಯ?"

ರಡ್ ಟಿಕೆಟ್ಟು ಸಿಗುತ್ತಿರಲಿಲ್ಲ ಎಂದೇನೋ ಗೊಣಗಿದ.

"ಅಂದ್ರೆ ನೀನೂ ಇವನೂ ಒಂದೇ."

ಆಮೇಲೆ ಅವಳು ಹರ್ಷಿಯ ಆಟ ಹೇಗಿತ್ತೆಂದು ಹೇಳಿದಳು. ಕೊನೆಕೊನೆಗೆ ಅದು ಆಟವಾಗಿರಲಿಲ್ಲ. ಚೆಂಡು ವಿಲ್ಟ್‌ಗೆ ಸಿಗದಿರಲಿ ಎಂದು ಎದುರಾಳಿ ನ್ಯೂಯಾರ್ಕಿನವರು ಉಳಿದವರ ಮೇಲೆ ಬೇಕೆಂದೇ ಬಿದ್ದು ಫೌಲ್ ಮಾಡುತ್ತಿದ್ದರು, ಚೆಂಡು ವಾಪಸ್ ಪಡೆಯಲು ನಮ್ಮವರೂ ಅದನ್ನೇ ಮಾಡುತ್ತಿದ್ದರು. ಗೆಲುವು ಯಾರಿಗೂ ಬೇಕಿರಲಿಲ್ಲ, ನೂರರ ಲೆಕ್ಕ ಬೇಕಿತ್ತು. ಗೆಲ್ಲುವುದು ಹೇಗೆಂದು ಗೊತ್ತಿದ್ದವನು ಬಾಸ್ಟನ್ನಿನ ಬಿಲ್ ರಸೆಲ್, ಹನ್ನೊಂದು ಸಲ ಚಾಂಪಿಯನ್‌ಶಿಪ್ ಗೆದ್ದವನು, ಅವನೇ ದೊಡ್ಡವನು ಎಂದಳು. ಫಿಲಡೆಲ್ಫಿಯಾದ ನಟ್ಟನಡುವೆ ಬದ್ಧವೈರಿ ಬಾಸ್ಟನ್ನಿನವನ ಹೆಸರು. ಗ್ಯಾರೇಜಿನಲ್ಲಿದ್ದವರೆಲ್ಲ ಒಟ್ಟಿಗೆ ಅವಳ ಮೇಲೆ ಮುಗಿಬಿದ್ದರು. ಗದ್ದಲ ಇಳಿದ ಮೇಲೆ ಥರ್ಮನ್, ಅವಳ ಮುಖ ನೋಡದೆ ಹೇಳಿದ:

"ಇನ್ಮೇಲೆ ಫೋನ್ ಎತ್ತೋಕೆ ಬರಬೇಡ."

ಅವಳು ಕೋಟು ಹಾಕಿಕೊಂಡು ಹೊರಟಳು.

ಚಳಿಗಾಲವೆಲ್ಲ ಮಾತಿಲ್ಲ. ಕ್ರಿಸ್ಮಸ್ಸಿಗೆ ಅವಳು ಕಳಿಸಿದ ಸಿಹಿಗೆಣಸಿನ ಪೈ ತಟ್ಟೆಯ ಸಮೇತ ಹಾಗೇ ವಾಪಸ್ ಬಂತು. ಏಪ್ರಿಲ್‌ನಲ್ಲಿ ಒಂದು ದಿನ ಥರ್ಮನ್ ತಾನಾಗೇ ಬಂದು ಮೆಟ್ಟಿಲ ಕೆಳಗೆ ನಿಂತ. ಒಳಗೆ ಬಾ ಎಂದರೂ ಬರಲಿಲ್ಲ.

"ಅವತ್ತು ಹರ್ಷಿ ದಾರೀಲಿ ಅಪ್ಪ ನನ್ನ ವಿಷಯ ಏನಾದ್ರೂ ಅಂದ್ರಾ?"

ಒಂದು ಸಣ್ಣ ಸುಳ್ಳಿನಿಂದ ಎಲ್ಲ ಸರಿಹೋಗಬಹುದೆಂದು ಅವಳಿಗೆ ತಿಳಿದಿತ್ತು. ಆದರೆ ಐವತ್ತು ವರ್ಷ ಅವನ ಸುಳ್ಳನ್ನು ಹೊತ್ತು ಸಾಕಾಗಿತ್ತು.

"ಇಲ್ಲ," ಎಂದಳು. "ಆಟದ ಮಾತು ಬಿಟ್ಟು ಬೇರೇನೂ ಆಡಲಿಲ್ಲ."

ಅವನು ತಲೆ ಆಡಿಸಿ ಹೊರಟುಹೋದ. ಅವಳು ಬಾಗಿಲು ಹಾಕಿಕೊಂಡು ಅಡುಗೆಮನೆಯಲ್ಲಿ ನಿಂತು ಅತ್ತಳು. ಅತ್ತಿದ್ದಕ್ಕೆ ಅವಳಿಗೇ ಸಿಟ್ಟು ಬಂತು.

ಜೂನ್ ಮೊದಲ ಶನಿವಾರ, ಯಾರೂ ಕರೆಯದಿದ್ದರೂ, ಸಾಸಿವೆ ಸವರಿದ ಪ್ರೆಟ್ಜೆಲ್ ಬ್ರೆಡ್ಡುಗಳ ಪೊಟ್ಟಣ ಹಿಡಿದು ಅವಳು ಗ್ಯಾರೇಜಿಗೆ ಹೋದಳು. ಫೋನಿನ ಬಳಿ ಕೂರದೆ ಕುರ್ಚಿಯನ್ನು ಗಂಡಸರ ನಡುವೆಯೇ ಎಳೆದು ಹಾಕಿಕೊಂಡಳು. ರಡ್ ಮುಖ ಗಂಟು ಹಾಕಿಕೊಂಡು ತನ್ನ ಕುರ್ಚಿ ಸರಿಸಿದ. ಅವಳು ರಸೆಲ್ ಹನ್ನೊಂದು ಸಲ ಎಂದು ಶುರುಮಾಡಿದ್ದೇ ತಡ, ಕಾರಿನ ಅಡಿಯಿಂದ ಥರ್ಮನ್‌ನ ದನಿ ಬಂತು.

"ಬಾಸ್ಟನ್ನಿನೋನ ಹೆಸರು ನನ್ನ ಗ್ಯಾರೇಜಲ್ಲಿ ಬೇಡ."

"ಹಾಗಾದ್ರೆ ಬಂದು ಎಬ್ಬಿಸು."

ಅವನು ಹೊರಗೆ ಬರಲಿಲ್ಲ. ಅವಳು ಪ್ರೆಟ್ಜೆಲ್ ಮುರಿದು ತಿನ್ನುತ್ತ, ಅಡ್ಡ ಬಂದವರಿಗೆಲ್ಲ ಉತ್ತರ ಕೊಡುತ್ತ, ಗ್ಯಾರೇಜಿನ ಬಾಗಿಲು ಎಳೆಯುವವರೆಗೂ ಅಲ್ಲೇ ಕೂತಿದ್ದಳು.