ನಡುಮಟ್ಟ ನೀರಿನಲ್ಲಿ ದೋಣಿ ವಿಹಾರ

ಬೇಸಿಗೆ ರಜೆ ಮುಗಿಸಿ ಶಾಲೆಗೆ ಬರುವ ನನ್ನ ಜೊತೆಯ ಟೀಚರುಗಳ ಫೋನಿನಲ್ಲಿ ಪ್ರತಿ ವರ್ಷ ಒಂದಾದರೂ ದೋಣಿಯ ಫೋಟೋ ಇರುತ್ತದೆ. ಕೇರಳದ್ದೋ ಗೋವಾದ್ದೋ. ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಗಂಡಂದಿರ ಭುಜಕ್ಕೆ ಒರಗಿ ಹಲ್ಲು ಕಿರಿಯುತ್ತಿರುತ್ತಾರೆ. 'ನೀವೂ ಒಂದ್ಸಲ ಹೋಗಿ ಬನ್ನಿ ಮೇಡಂ' ಎಂದು ಉಪದೇಶ ಬೇರೆ. ಎಲ್ಲಿಗೆ ಹೋಗಬೇಕು ಎಂದು ಹೇಳುವುದಕ್ಕೆ ಊರ ತುಂಬ ಜನರಿದ್ದಾರೆ. ಎಲ್ಲಿಗೆ ಹೋಗಬಾರದು ಎಂದು ಹೇಳುವ ಯೋಗ್ಯತೆ ಮಡಕಶಿರಾ ಸೀಮೆಯಲ್ಲಿ ನನಗೊಬ್ಬಳಿಗೇ ಇರುವುದು.

ಮೊದಲನೆಯದು ರತ್ನಗಿರಿ ಕೋಟೆಯ ಹೊಂಡ. ನಾನು ಕಾಲೇಜಿನಲ್ಲಿ ಇಂಟರ್ ಓದುವಾಗ ಸೋದರಮಾವನ ಮಕ್ಕಳು ಖಾಲಿ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಒಟ್ಟಿಗೆ ಕಟ್ಟಿ ಅದರ ಮೇಲೆ ನನ್ನನ್ನು ಕೂರಿಸಿ ತಳ್ಳಿದರು. ಹೊಂಡದ ತುಂಬ ಪಾಚಿ. ಡ್ರಮ್ಮು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ದಡದಲ್ಲಿ ಕುರಿ ಕಾಯುವ ಅಜ್ಜ ಬೀಡಿ ಸೇದುತ್ತ ನೋಡಿದ, ಕುರಿಗಳೂ ನೋಡಿದವು. ಎರಡನೆಯದು ನಮ್ಮ ಕಡೆಯದೇ ಒಂದು ಕೆರೆ, ಹೆಸರು ಬೇಡ. ಕಾಲುವೆ ನೀರು ಬಂದ ಸಂಭ್ರಮಕ್ಕೆ ಯಾರೋ ಅಲ್ಲಿ ಹಂಸದ ಆಕಾರದ, ಪೆಡಲ್ ತುಳಿಯುವ ದೋಣಿ ತಂದು ಬಿಟ್ಟಿದ್ದರು. ಹಂಸದ ಕುತ್ತಿಗೆ ಮುರಿದು ಅದಕ್ಕೆ ಹಳೇ ಲುಂಗಿ ಸುತ್ತಿದ್ದರು. ಎಷ್ಟು ತುಳಿದರೂ ಅದು ಗಾಣದೆತ್ತಿನಂತೆ ಇದ್ದಲ್ಲೇ ಸುತ್ತುತ್ತಿತ್ತು. ಏರಿಯ ಮೇಲೆ ಎಸೆದ ಕೋಳಿ ಪುಕ್ಕದ ನಾತ ಪ್ರತಿ ಸುತ್ತಿಗೂ ಒಮ್ಮೆ ಮೂಗಿಗೆ ಬಡಿಯುತ್ತಿತ್ತು.

ಅವೆರಡೂ ಬರೀ ಬೇಸರದ ಜಾಗಗಳು. ಮೂರನೆಯದು ಭೈರವಾನಿತಿಪ್ಪ ಡ್ಯಾಮು. ಡ್ಯಾಮಿನ ತಪ್ಪೇನಿಲ್ಲ. ನಾನು ಯಾರ ಜೊತೆ ಹೋದೆನೋ ಅಂಥವನ ಜೊತೆ ಹೋಗಬೇಡಿ ಎಂದಷ್ಟೇ ನನ್ನ ಮಾತು.

ಆ ವರ್ಷ ರಾಯದುರ್ಗದ ಹುಡುಗನ ಜೊತೆ ನನಗೆ ಮದುವೆ ಗೊತ್ತಾಗಿತ್ತು. ಅವರದು ಜೀನ್ಸ್ ಪ್ಯಾಂಟು ಹೊಲಿಸುವ ಮನೆತನ. ಹುಡುಗ ನೋಡಲು ಚೆನ್ನಾಗಿದ್ದ, ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಅದೇ ವರ್ಷ ಹಗರಿ ಹೊಳೆ ಹರಿದು ಬಂದು, ಬಹಳ ಕಾಲ ಒಣಗಿ ಬಿದ್ದಿದ್ದ ಡ್ಯಾಮು ತುಂಬಿತು. ನಮ್ಮ ಕಡೆ ನೀರು ನೋಡಲು ಹೋಗುವುದೇ ಒಂದು ಪ್ರವಾಸ. ಜನ ಟ್ರ್ಯಾಕ್ಟರು ಕಟ್ಟಿಕೊಂಡು ಹೋಗುತ್ತಿದ್ದರು. ಮದುವೆಗೆ ಮುಂಚಿನ ಫೋಟೋ, ವಿಡಿಯೋ ಎಲ್ಲ ಅಲ್ಲೇ ಆಗಬೇಕೆಂದು ಹುಡುಗ ಹಟ ಹಿಡಿದ.

ಮದುವೆಗೆ ಮುಂಚೆ ಇಬ್ಬರನ್ನೇ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ನನ್ನ ಕಾವಲಿಗೆ ತಂಗಿ ಬಂದಳು. ಅವನ ಕಾವಲಿಗೆ ಅವನ ತಾಯಿ ಒಂದು ಡಬ್ಬಿ ಒಗ್ಗಾಣಿ, ಒಂದು ಪೊಟ್ಟಣ ಮಿರ್ಚಿ ಹಿಡಿದು ಬಂದರು. ಬಳ್ಳಾರಿಯ ಫೋಟೋಗ್ರಾಫರ್ ನನಗೆ ಬಾಡಿಗೆಯ ಕೆಂಪು ಗೌನು ಕೊಟ್ಟ. ಅದಕ್ಕೆ ಹಿಂದುಗಡೆ ಎರಡು ಸೀರೆಯಷ್ಟು ಉದ್ದದ ಬಾಲ. ಎಷ್ಟು ಜನರ ಬೆವರು ಕುಡಿದಿತ್ತೋ, ಕಂಕುಳಲ್ಲಿ ಸೆಟೆದು ನಿಂತಿತ್ತು.

ದೋಣಿ ಎಂದರೆ ದೋಣಿಯಲ್ಲ. ಮೀನು ಹಿಡಿಯುವವನೊಬ್ಬ ಥರ್ಮಾಕೋಲ್ ಹಲಗೆಗಳನ್ನು ಗೊಬ್ಬರದ ಚೀಲಕ್ಕೆ ತುರುಕಿ ಹಗ್ಗ ಬಿಗಿದ ತೆಪ್ಪ. ಫೋಟೋಗ್ರಾಫರ್ ಅದರ ಮೇಲೆ ಚಾದರ ಹಾಸಿ, ಚೆಂಡುಹೂ ಚೆಲ್ಲಿ, ಹೆಣ ಸಾಗಿಸುವ ಹಾಗೆ ಸಿಂಗಾರ ಮಾಡಿದ. ಮೀನಿನವನು ಚಿತ್ರದಲ್ಲಿ ಕಾಣಬಾರದೆಂದು ಅವನ ಕೈಗೆ ಹಗ್ಗದ ತುದಿ ಕೊಟ್ಟು ದಡದಲ್ಲೇ ನಿಲ್ಲಿಸಿದ.

"ಆ ಕಡಿ ಬ್ಯಾಡ್ರಿ, ನೀರಾಗ ಜಾಲಿ ಐತಿ," ಎಂದ ಮೀನಿನವನು.

"ಬೆಳಕು ಆ ಕಡೀನ ಐತಪ್ಪ," ಎಂದ ಫೋಟೋಗ್ರಾಫರ್.

ಡ್ಯಾಮು ಒಣಗಿದ್ದ ಕಾಲದಲ್ಲಿ ಅದರ ಹೊಟ್ಟೆಯ ತುಂಬ ಬಳ್ಳಾರಿ ಜಾಲಿ ಬೆಳೆದಿತ್ತು. ನೀರು ಬಂದಾಗ ಅದನ್ನು ಯಾರೂ ಕಡಿಯಲಿಲ್ಲ, ನಿಂತಲ್ಲೇ ಮುಳುಗಿತು. ಮೇಲೆ ನೋಡಿದರೆ ಸಮುದ್ರ, ಒಳಗೆಲ್ಲ ಮುಳ್ಳಿನ ಬೇಲಿ. ನಾವು ಕುರಿ ಮೇಯುವ ಗುಡ್ಡವನ್ನು ದೋಣಿಯಲ್ಲಿ ದಾಟಲು ಹೊರಟಿದ್ದೆವು.

ನನ್ನನ್ನು ಮುಂದೆ ಕೂರಿಸಿ ಗೌನಿನ ಬಾಲವನ್ನು ನೀರಿನ ಮೇಲೆ ಹರಡಲು ಹೇಳಿದರು. ಹುಡುಗ ಹಿಂದೆ ನಿಂತು ಎರಡೂ ಕೈ ಚಾಚಿದ. ಬಾಲ ಸ್ವಲ್ಪ ಹೊತ್ತು ತೇಲಿ, ತೊಯ್ದು, ಮುಳುಗಿ, ಜಾಲಿಗೆ ಸಿಕ್ಕಿಕೊಂಡಿತು. ಅದು ಗೊತ್ತಾಗದೆ ಮೀನಿನವನು ದಡದಿಂದ ಹಗ್ಗ ಎಳೆದ. ತೆಪ್ಪ ಮಗುಚಿತು. ನಾನು ಬಿದ್ದೆ, ನನ್ನ ಮೇಲೆ ಹುಡುಗ ಬಿದ್ದ.

ನನಗೆ ಈಜು ಬರುತ್ತದೆ. ಅಪ್ಪ ಹೊಲದ ಬಾವಿಯಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿ ಕಲಿಸಿದ್ದರು. ಆದರೆ ಬೆನ್ನ ಮೇಲೆ ಗಂಡಸೊಬ್ಬ ನಿಂತಾಗ ಈಜುವುದು ಹೇಗೆಂದು ಕಲಿಸಿರಲಿಲ್ಲ. ಅವನು ಮೊದಲು ನನ್ನ ಜಡೆ ಹಿಡಿದ. ಆಮೇಲೆ ತಲೆಯನ್ನು ಅದುಮಿ ಭುಜಕ್ಕೆ ಮೊಣಕಾಲು ಊರಿದ. ಆಮೇಲೆ ಬೂಟುಗಾಲು ಎರಡನ್ನೂ ಬೆನ್ನ ಮೇಲಿಟ್ಟು ನೆಟ್ಟಗೆ ನಿಂತ. ನನ್ನ ಎದೆಯ ಕೆಳಗೆ ಜಾಲಿಯ ಕೊಂಬೆ. ಅವನು ಮೇಲಿಂದ ತುಳಿದಷ್ಟೂ ಮುಳ್ಳು ಕೆಳಗಿಂದ ಇಳಿಯಿತು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಅನ್ನುತ್ತಾರೆ. ಆ ಹುಲ್ಲುಕಡ್ಡಿಯ ಗತಿ ಏನಾಯಿತೆಂದು ಇವತ್ತಿನವರೆಗೆ ಯಾರೂ ಕೇಳಿಲ್ಲ.

ಏರಿಯ ಮೇಲಿಂದ ಅದು ಹೇಗೆ ಕಂಡಿತೆಂದು ತಂಗಿ ಆಮೇಲೆ ಹೇಳಿದಳು. ಅಷ್ಟು ದೊಡ್ಡ ನೀರಿನ ನಡುವೆ ಒಬ್ಬ ಗಂಡಸು ಮೊಣಕಾಲುದ್ದ ನೀರಿನಲ್ಲಿ ನಿಂತು ಬೊಬ್ಬೆ ಹೊಡೆಯುತ್ತಿದ್ದನಂತೆ. ಇದೂ ಶೂಟಿಂಗೇ ಎಂದುಕೊಂಡು ಜನ ಫೋನು ತೆಗೆದು ನಕ್ಕರಂತೆ. ಮೀನಿನವನು, "ಯಣ್ಣಾ, ಇಳೀರಿ, ನಡುಮಟ್ಟ ಐತ್ರಿ ನೀರು. ಆಯಮ್ಮ ಕೆಳಗ ಅದಾಳ," ಎಂದು ಕೂಗಿದ. ಹುಡುಗ ಇಳಿಯಲಿಲ್ಲ. ಕೊನೆಗೆ ಮೀನಿನವನೇ ನೀರಿಗಿಳಿದು, ನಡೆದುಕೊಂಡು ಹತ್ತಿರ ಬಂದು, ತನ್ನ ಸೊಂಟ ಮುಟ್ಟಿ ತೋರಿಸಿದ. ಆಗ ಹುಡುಗ ಒಂದು ಕಾಲನ್ನು ಇಳಿಬಿಟ್ಟು ನೆಲ ಸಿಗುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿದ. ಇನ್ನೊಂದು ಕಾಲು ಅಲ್ಲಿಯವರೆಗೆ ನನ್ನ ಬೆನ್ನ ಮೇಲೇ ಇತ್ತು. ಅದರ ಭಾರ ನನಗೆ ಚೆನ್ನಾಗಿ ನೆನಪಿದೆ.

ದಡಕ್ಕೆ ಬಂದು ನೀರು ಕಾರಿಕೊಂಡೆ. ಅವನ ತಾಯಿ ಮಗನ ಅಂಗಿಯ ಜೇಬು ತಡವಿ, "ಸದ್ಯ, ಫೋನು ತೊಯ್ದಿಲ್ಲ," ಎಂದರು. ತೊಯ್ಯಲು ಹೇಗೆ ಸಾಧ್ಯ, ನಾನು ಕೆಳಗಿದ್ದೆನಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಹುಡುಗ ಹೆದರ್ಯಾನವ್ವ, ಮನಸಿಗೆ ಹಚ್ಕೋಬ್ಯಾಡ," ಎಂದು ಒಂದು ಮಿರ್ಚಿ ಕೊಟ್ಟರು. ಫೋಟೋಗ್ರಾಫರ್, "ಮೇಡಂ, ಮುಖದ ಮ್ಯಾಲಿನ ಪಾಚಿ ಒರಸ್ಕೊಳ್ರಿ, ಬೆಳಕು ಹೋಗ್ತೈತಿ," ಎಂದ.

ನಾನು ಹುಡುಗನನ್ನೇ ನೋಡಿದೆ. ಕ್ಷಮೆ ಕೇಳಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಅವನು ಕೂದಲು ಸರಿಮಾಡಿಕೊಳ್ಳುತ್ತ, "ನಿಮಗ ಈಜು ಬರ್ತೈತಂತ ನಿಮ್ಮ ತಂಗಿ ಹೇಳಿದ್ರಲ್ರಿ. ಅದಕ್ಕ ನಿಮಗೇನೂ ಆಗಂಗಿಲ್ಲ ಅನ್ಕೊಂಡೆ," ಎಂದ. ಅವನನ್ನು ನಾನು ದ್ವೇಷಿಸಲು ಶುರು ಮಾಡಿದ್ದು ನೀರಿನಲ್ಲಲ್ಲ, ಆ ಮಾತಿಗೆ.

ಮನೆಯಲ್ಲಿ ಅಮ್ಮ ಪಿನ್ನು ಹಿಡಿದು ನನ್ನ ಎದೆಯ, ಹೊಟ್ಟೆಯ ಮುಳ್ಳು ತೆಗೆಯುತ್ತ ಬುದ್ಧಿ ಹೇಳಿದಳು.

"ನೀರು ಮೂಗಿಗೆ ಬಂದ್ರೆ ತಾಯಿ ಕೋತೀನೂ ಮರೀನ ಕಾಲ ಕೆಳಗೆ ಹಾಕ್ಕಂತದೆ ಕಣೇ. ಇವನೇನು ದೇವ್ರಾ?"

"ನೀರು ಅವನ ಮೂಗಿಗೆ ಬಂದಿರ್ಲಿಲ್ಲ ಕಣಮ್ಮ. ಸೊಂಟಕ್ಕಿತ್ತು."

"ಅವನಿಗೆ ಅದು ಗೊತ್ತಿರ್ಲಿಲ್ವಲ್ಲ."

"ಅದಕ್ಕೇ ಒಲ್ಲೆ ಅಂತಿರೋದು."

ಅಪ್ಪ ನಿವೃತ್ತ ಬಸ್ ಕಂಡಕ್ಟರ್. ಹತ್ತಿದವರನ್ನು ನಡುದಾರಿಯಲ್ಲಿ ಇಳಿಸುವುದು ಅವರಿಗೆ ಒಗ್ಗದ ಕೆಲಸ. ಛತ್ರ ಹಿಡಿದಾಗಿದೆ, ಪತ್ರಿಕೆ ಅಚ್ಚಾಗಿದೆ, ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು ಎಂದರು. ನಾನು ಊಟ ಬಿಟ್ಟೆ, ಮಾತು ಬಿಟ್ಟೆ. ಕೊನೆಗೆ ಅಪ್ಪ ಸೋತು, ಸಂಬಂಧ ಬೇಡವೆಂದು ಹೇಳಿ ಬರಲು ರಾಯದುರ್ಗದ ಬಸ್ಸು ಹತ್ತಿದರು.

ಸಂಜೆ ವಾಪಸ್ಸು ಬರುವಾಗ ಕೈಯಲ್ಲಿ ಹೂವು, ಹಣ್ಣು, ಒಂದು ಸೀರೆ ಇತ್ತು. "ದೊಡ್ಡಾಕಿ ಬ್ಯಾಡಂದ್ರ ಸಣ್ಣಾಕಿ ಅದಾಳಲ್ರಿ" ಎಂದರಂತೆ ಹುಡುಗನ ಮನೆಯವರು. ಅಪ್ಪನಿಗೆ ಅದು ದೇವರೇ ಹೇಳಿದ ಹಾಗೆ ಕೇಳಿಸಿತು. ಅದೇ ಹುಡುಗ, ಅದೇ ಛತ್ರ, ಅದೇ ಮುಹೂರ್ತ. ಪತ್ರಿಕೆಗಳಲ್ಲಿ ನನ್ನ ಹೆಸರಿನ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸಿ ತಂಗಿಯ ಹೆಸರು ಬರೆದರು. ಅಂಟಿಸಲು ನನ್ನನ್ನೂ ಕೂರಿಸಿದರು.

ತಂಗಿಯನ್ನು ಹಿತ್ತಲಿಗೆ ಕರೆದು, "ನೀನೇ ಕಣ್ಣಾರೆ ನೋಡಿದೀಯಲ್ಲೇ," ಎಂದೆ.

"ನೋಡಿದೀನಿ," ಎಂದಳು. "ಒಲ್ಲೆ ಅನ್ನಾಕೆ ನಿನಗೆ ಟೀಚರ್ ಕೆಲಸ ಐತೆ ಅಕ್ಕಯ್ಯ. ನನಗೇನೈತೆ? ಇಂಟರು ಪಾಸಾಗಿಲ್ಲ. ಇವನನ್ನ ಬಿಟ್ರೆ ಅಪ್ಪ ಇನ್ನೆಂಥವನನ್ನ ತತ್ತಾರೋ."

ಸಿಟ್ಟಿಗೆ ಅವಳ ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸಲಿಲ್ಲ. ಮದುವೆಯ ಹಿಂದಿನ ದಿನದವರೆಗೂ ಇಬ್ಬರೂ ಒಂದೇ ಕೋಣೆಯಲ್ಲಿ ಮುಖ ತಿರುಗಿಸಿಕೊಂಡು ಓಡಾಡಿದೆವು.

ಅರಿಶಿನ ಹಚ್ಚುವ ಶಾಸ್ತ್ರಕ್ಕೆ ಅಕ್ಕನೇ ಬೇಕೆಂದು ಹೆಂಗಸರು ನನ್ನನ್ನು ಎಳೆದು ತಂದು ಅವಳ ಮುಂದೆ ಕೂರಿಸಿದರು. ನಾನು ಅವಳ ಪಾದಕ್ಕೆ ಅರಿಶಿನ ಉಜ್ಜುತ್ತಿದ್ದೆ. ಸುತ್ತ ಹಾಡು, ನಗು. ಅವಳು ತಲೆ ಬಗ್ಗಿಸಿ, ನನಗೆ ಮಾತ್ರ ಕೇಳುವ ಹಾಗೆ ಕೇಳಿದಳು.

"ಅಕ್ಕಯ್ಯ, ಅವತ್ತು ನಿನ್ನ ಬೆನ್ನ ಮೇಲೆ ಎಷ್ಟೊತ್ತು ನಿಂತಿದ್ರು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ನೆಲ ಸಿಗೋವರ್ಗೂ," ಎಂದೆ.

ಅವಳು ಸ್ವಲ್ಪ ಯೋಚನೆ ಮಾಡಿದಳು. ಸಂತೆಯಲ್ಲಿ ಸೀರೆಯ ಸೆರಗು ಹಿಡಿದು ಬಾಳಿಕೆ ಬರುತ್ತದೋ ಇಲ್ಲವೋ ನೋಡುವವರ ಹಾಗೆ.

"ಅಷ್ಟೊತ್ತು ತಡ್ಕಬಹುದು ಬಿಡು," ಎಂದು ಇನ್ನೊಂದು ಪಾದವನ್ನು ನನ್ನ ಮುಂದೆ ಚಾಚಿದಳು.